ಮದ್ದು ಗೊನೆಗೆ ತಾಗಿತೋ ಇಲ್ಲವೋ

ನಮಸ್ಕಾರ.

ನಿಮ್ಮ ‘ಪ್ರಾಣಿ ಪ್ರಯೋಗಗಳಲ್ಲಿ ಶ್ವಾಸಕೋಶೀಯ ಔಷಧ ವಿತರಣೆ: ನಾಲ್ಕು ವಿಧಾನಗಳ ತುಲನೆ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಪುಟ ಪೂರ್ತಿ ತೆಗೆಯಿರಿ. ಉಸಿರೇ ಪ್ರಾಣ ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ ಅಲ್ವಾ? ‘ಔಷಧ ವಿತರಣೆ’ ಅಂದರೆ ರೇಷನ್ ಅಂಗಡಿಯ ಕ್ಯೂ ನೆನಪಾಗುತ್ತದೆ. ಮದ್ದು ಕೊಡುವುದು ಅಂದರೆ ಸಾಕು.

ನನ್ನ ದೊಡ್ಡ ತಕರಾರು ಈ ಸಾಲಿನ ಮೇಲೆ: ‘ಇಲಿಗಳನ್ನು ಪೆಟ್ಟಿಗೆಯಲ್ಲಿ ಬಿಟ್ಟು ಮದ್ದಿನ ಮಂಜು ಹಾಯಿಸುವುದೇ ಅತ್ಯುತ್ತಮ, ಏಕೆಂದರೆ ಅದು ಸಹಜ ಉಸಿರಾಟ.’ ನೀವು ಬದಿಯಡ್ಕದ ಕಡೆಯವರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದನ್ನು ನೋಡಿಯೇ ಬೆಳೆದಿರುತ್ತೀರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಡ್ರಮ್ಮಿನಲ್ಲಿ ಕಲಸಿದ್ದು ಒಂದು ಲೆಕ್ಕ, ಅಡಿಕೆ ಗೊನೆಗೆ ತಾಗಿದ್ದು ಬೇರೆಯೇ ಲೆಕ್ಕ. ಉಳಿದದ್ದು ಸೋಗೆಯ ಮೇಲೆ, ಬಿಟ್ಟವನ ತಲೆಯ ಮೇಲೆ. ಪೆಟ್ಟಿಗೆಯ ಇಲಿಯದ್ದೂ ಇದೇ ಕತೆ. ಮದ್ದು ಮೈರೋಮಕ್ಕೆ ಅಂಟುತ್ತದೆ. ಇಲಿ ಸುಮ್ನೆ ಕೂರುವ ಪ್ರಾಣಿಯಲ್ಲ, ಮೈಯೆಲ್ಲ ನೆಕ್ಕಿಕೊಳ್ಳುತ್ತದೆ. ಆಮೇಲೆ ರಕ್ತದಲ್ಲಿ ಸಿಕ್ಕ ಮದ್ದು ಶ್ವಾಸಕೋಶದಿಂದ ಬಂತೋ, ಹೊಟ್ಟೆಯಿಂದಲೋ? ಕೊಳವೆಯಲ್ಲಿ ಕೂರಿಸಿ ಮೂಗನ್ನಷ್ಟೇ ಮಂಜಿಗೆ ಒಡ್ಡಿದರೆ ಈ ಗೋಜಲು ಕಡಿಮೆ. ಆದರೆ ಅಲ್ಲಾಡಲಾಗದೆ ಇಲಿ ಗಾಬರಿಯಾಗುತ್ತದೆ, ಉಸಿರಾಟವೂ ಬದಲಾಗುತ್ತದೆ.

ಇನ್ನು ‘ಸಹಜ’ದ ಮಾತು. ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ, ನಾವು ಇನ್‌ಹೇಲರ್ ಎಳೆಯುವುದು ಬಾಯಿಯಿಂದ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ!

ಮೂಗಿಗೆ ಹನಿಸುವ ವಿಧಾನವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅಲ್ಲೇ ಜಾಸ್ತಿ ಬೇಕಿತ್ತು. ಅರಿವಳಿಕೆಯಲ್ಲಿ ಮಲಗಿದ 25 ಗ್ರಾಮಿನ ಇಲಿ, ಹೊಳ್ಳೆಯ ಅಂಚಿನಲ್ಲಿ ಹನಿ ಅಳೆದು ಬಿಡುವ ಪಿಪೆಟ್ಟಿನ ತುದಿ, ಉಸಿರೆಳೆದಾಗ ಒಳಹೋಗುವ ಹನಿ. 10 ಮೈಕ್ರೋಲೀಟರ್ ಹನಿಸಿದರೆ ಹೆಚ್ಚಿನದು ಮೂಗಿನಲ್ಲೇ ಉಳಿಯುತ್ತದೆ. 50ರ ಹತ್ತಿರ ಹೋದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಒಂದಷ್ಟು ಹೊಟ್ಟೆಗೂ. ವಿಧಾನದ ಹೆಸರು ಒಂದೇ, ಮದ್ದು ಸೇರುವ ಜಾಗ ಬೇರೆ. ನೀವು ಇದನ್ನು ಕಣ್ಣಾರೆ ಕಂಡವರು, ಬರೆಯಿರಿ ಮಾರಾಯರೇ.

ಶ್ವಾಸನಾಳಕ್ಕೆ ಮದ್ದು ನೇರ ಹಾಕುವ ಭಾಗ ಚೆನ್ನಾಗಿದೆ. ಹೆಚ್ಚುಕಡಿಮೆ ಕೊಟ್ಟಷ್ಟೂ ಒಳಗೆ ಹೋಗುತ್ತದೆ, ನಿಜ. ದ್ರವ ಅಲ್ಲಲ್ಲಿ ಮಡುಗಟ್ಟುತ್ತದೆ, ಸಮನಾಗಿ ಹರಡುವುದಿಲ್ಲ ಎಂಬುದನ್ನೂ ಸೇರಿಸಿ.

ಇನ್ನೊಂದು. ಮೌಸ್, ರ‍್ಯಾಟ್ ಎರಡಕ್ಕೂ ‘ಇಲಿ’ ಎಂದಿದ್ದೀರಿ. ರ‍್ಯಾಟ್ ಹತ್ತು ಪಟ್ಟು ತೂಗುತ್ತದೆ. ಚಿಕ್ಕಿಲಿ, ದೊಡ್ಡಿಲಿ ಅಂತಲೇ ಬರೆಯಿರಿ.

ಕೋಷ್ಟಕದ ‘ಉತ್ತಮ, ಮಧ್ಯಮ’ ಕಾಲಂ ಬೇಡ. ಅಲ್ಲಿ ಕೊಟ್ಟದ್ದೆಷ್ಟು, ಶ್ವಾಸಕೋಶದಲ್ಲಿ ಸಿಕ್ಕಿದ್ದೆಷ್ಟು ಅಂತ ಎರಡು ಕಾಲಂ ಹಾಕಿ. ಅಂಕಿ ಇಲ್ಲದ ಕಡೆ ಖಾಲಿ ಬಿಡಿ. ಆಟಿ ತಿಂಗಳು ಮುಗಿಯುವುದರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಆಗುತ್ತದೆ.

ಸಂಪಾದಕ
ಕಾಸರಗೋಡು