ಕೆಜಿಎಫ್ ಗಣಿಯಲ್ಲಿ ನ್ಯೂಟ್ರಿನೋ ಸಿಕ್ಕಿದ್ದು ನಿಜವೇ? ನಿಜವಾದರೆ ನೊಬೆಲ್ ಯಾಕೆ ಬರಲಿಲ್ಲ?

ನೀವು ಕೇಳಿರುವುದು ಇಷ್ಟು. ಕೋಲಾರದ ಚಿನ್ನದ ಗಣಿಯಲ್ಲಿ ನಮ್ಮವರು ಜಗತ್ತಿಗೇ ಮೊದಲು ನ್ಯೂಟ್ರಿನೋ ಕಂಡುಹಿಡಿದರು, ನೊಬೆಲ್ ಮಾತ್ರ ಅಮೆರಿಕದವರ ಪಾಲಾಯಿತು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಇದು ನಿಜವೇ? ಅಷ್ಟು ಆಳಕ್ಕೆ ಇಳಿದಿದ್ದು ಯಾಕೆ? ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಇಟ್ಟುಕೊಳ್ಳಬಹುದೇ?

ನಾನು ಕೋಲಾರದಲ್ಲಿ ಡಿಗ್ರಿ ಹುಡುಗರಿಗೆ ಫಿಸಿಕ್ಸ್ ಪಾಠ ಮಾಡಿದವನು. ಬಂಗಾರಪೇಟೆ, ಊರಿಗಾಂ ಕಡೆಯಿಂದ ಬರುವ ಮಕ್ಕಳು ಇದನ್ನು ಕೇಳದೆ ಬಿಡುತ್ತಿರಲಿಲ್ಲ. ಆ ಮೆಸೇಜಿನಲ್ಲಿ ಅರ್ಧ ನಿಜ, ಉಳಿದದ್ದು ಉಪ್ಪುಖಾರ.

ಮೊದಲು ನೊಬೆಲ್ ವಿಷಯ ಮುಗಿಸೋಣ. ನ್ಯೂಟ್ರಿನೋ ಅಂದರೆ ವಿದ್ಯುದಂಶವಿಲ್ಲದ, ಹೆಚ್ಚುಕಡಿಮೆ ತೂಕವೇ ಇಲ್ಲದ ಕಣ. ಅದು ಮೊಟ್ಟಮೊದಲು ಪತ್ತೆಯಾದದ್ದು ಕೆಜಿಎಫ್‌ನಲ್ಲಿ ಅಲ್ಲ. 1956ರಲ್ಲಿ ಅಮೆರಿಕದ ಸವಾನಾ ರಿವರ್‌ನಲ್ಲಿ, ಅಣು ರಿಯಾಕ್ಟರಿನ ಪಕ್ಕ, ಫ್ರೆಡೆರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅದನ್ನು ಹಿಡಿದರು. ರೈನ್ಸ್‌ಗೆ 1995ರಲ್ಲಿ ನೊಬೆಲ್ ಬಂದದ್ದು ಆ ಕೆಲಸಕ್ಕೆ. ಅಷ್ಟರಲ್ಲಿ ಕೋವನ್ ತೀರಿಕೊಂಡಿದ್ದರು. ಕೆಜಿಎಫ್‌ನಲ್ಲಿ 1965ರಲ್ಲಿ ಸಿಕ್ಕಿದ್ದು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ. ಮನುಷ್ಯ ಕಟ್ಟಿದ ಯಂತ್ರದಿಂದ ಬಂದದ್ದಲ್ಲ, ತಾನಾಗಿಯೇ ಬಂದದ್ದು. ಅಂಥದ್ದನ್ನು ಅಲ್ಲಿವರೆಗೆ ಯಾರೂ ಕಂಡಿರಲಿಲ್ಲ.

ಅದರಲ್ಲೂ ಪೈಪೋಟಿ ಇತ್ತು. ಅದೇ ರೈನ್ಸ್ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಇದೇ ಪ್ರಯೋಗಕ್ಕೆ ಇಳಿದಿದ್ದರು. ಕೆಜಿಎಫ್ ತಂಡದ ಲೇಖನ 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಯಲ್ಲಿ 1965ರ ಆಗಸ್ಟ್ 15ರಂದು ಅಚ್ಚಾಯಿತು. ರೈನ್ಸ್ ತಂಡದ್ದು ಬಂದದ್ದು ಆಗಸ್ಟ್ 30ಕ್ಕೆ. ಅಚ್ಚಾದ ತಾರೀಕು ನೋಡಿದರೆ ಕೆಜಿಎಫ್ ಮುಂದೆ. ಆದರೆ ರೈನ್ಸ್ ತಂಡದ ಯಂತ್ರ ಮೊದಲ ಗುರುತನ್ನು ದಾಖಲಿಸಿದ್ದು ಆ ವರ್ಷದ ಫೆಬ್ರವರಿಯಲ್ಲೇ, ಹಾಗಾಗಿ ಆ ಲೆಕ್ಕದಲ್ಲಿ ಅವರು ಮುಂದೆ. ಎರಡೂ ತಂಡಕ್ಕೆ ಸಮಪಾಲು ಕೊಡುವುದೇ ನ್ಯಾಯ. ಈ 1965ರ ಕೆಲಸಕ್ಕೆ ನೊಬೆಲ್ ಇವರಿಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ವಾತಾವರಣದ ನ್ಯೂಟ್ರಿನೋ ನೊಬೆಲ್ ತಂದದ್ದು 2015ರಲ್ಲಿ, ಜಪಾನಿನ ತಕಾಕಿ ಕಾಜಿತಾ ಅವರಿಗೆ. ಆ ಬಹುಮಾನವನ್ನು ಅವರು ಕೆನಡಾದ ಆರ್ಥರ್ ಮೆಕ್‌ಡೊನಾಲ್ಡ್ ಜೊತೆ ಹಂಚಿಕೊಂಡರು. ನ್ಯೂಟ್ರಿನೋ ದಾರಿಯಲ್ಲೇ ಜಾತಿ ಬದಲಿಸುತ್ತದೆ ಅನ್ನುವುದನ್ನು ಇವರು ತೋರಿಸಿದರು. ಅದು ಬೇರೆಯದೇ ಶೋಧ. ಹಾಗಾಗಿ ನಮ್ಮ ನೊಬೆಲ್ ಕದ್ದರು ಅನ್ನುವ ಮಾತಿಗೆ ಆಧಾರವಿಲ್ಲ.

'ನಮ್ಮವರು' ಅನ್ನುವುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್, ಮೂರೂ ಕಡೆಯವರು ಸೇರಿ ಮಾಡಿದ ಕೆಲಸ. ತಂಡದಲ್ಲಿದ್ದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, ಬಿ.ವಿ. ಶ್ರೀಕಂಠನ್ ನಂಜನಗೂಡಿನಲ್ಲಿ. ಶ್ರೀಕಂಠನ್ 1951ರ ಹೊತ್ತಿಗೇ, ಹೋಮಿ ಭಾಭಾ ಅವರ ಮಾತಿನ ಮೇಲೆ, ಯಂತ್ರ ಹೊತ್ತುಕೊಂಡು ಈ ಗಣಿಗೆ ಇಳಿದಿದ್ದರು. ಗಣಿಯಲ್ಲಿ ನ್ಯೂಟ್ರಿನೋ ಹುಡುಕುವ ಯೋಚನೆ ಆಗ ಅವರಿಗೆ ಇರಲಿಲ್ಲ. ಅವರು ಎಣಿಸಲು ಹೋಗಿದ್ದು ಮ್ಯುಯಾನ್‌ಗಳನ್ನು, ಅಂದರೆ ಎಲೆಕ್ಟ್ರಾನಿನ ಥರದ್ದೇ ಆದರೆ ಅದಕ್ಕಿಂತ ಭಾರದ ಕಣಗಳನ್ನು.

ಆಳ ಯಾಕೆ ಬೇಕು ಅನ್ನುವುದಕ್ಕೆ ಈ ಮ್ಯುಯಾನೇ ಉತ್ತರ. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ಮೇಲಿನ ಗಾಳಿಗೆ ಬಡಿದಾಗ ಪಯಾನ್ ಅನ್ನುವ ಕಣಗಳು ಹುಟ್ಟುತ್ತವೆ. ಅವು ಕ್ಷಣದಲ್ಲೇ ಒಡೆದು ಮ್ಯುಯಾನ್ ಮತ್ತು ನ್ಯೂಟ್ರಿನೋ ಆಗುತ್ತವೆ. ಎರಡೂ ಕೆಳಗೆ ಸುರಿಯುತ್ತವೆ. ಈಗ ನಿಮ್ಮ ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ಮ್ಯುಯಾನ್ ಹಾದುಹೋಗುತ್ತಿರುತ್ತದೆ. ನ್ಯೂಟ್ರಿನೋ ಅದಕ್ಕಿಂತ ಎಷ್ಟೋ ಜಾಸ್ತಿ ಹಾದುಹೋಗುತ್ತದೆ, ಆದರೆ ಯಾವುದನ್ನೂ ಮುಟ್ಟುವುದಿಲ್ಲ. ಅಪರೂಪಕ್ಕೆ ಒಂದು ಯಾವುದೋ ಪರಮಾಣುವಿಗೆ ಬಡಿದರೆ ಆಗ ಹೊಸ ಮ್ಯುಯಾನ್ ಹುಟ್ಟುತ್ತದೆ. ನಮಗೆ ಕಾಣುವುದು ಅದೊಂದೇ ಸುಳಿವು. ನೆಲದ ಮೇಲೆ ಕೂತರೆ ಮಾಮೂಲಿ ಮ್ಯುಯಾನ್‌ಗಳ ನಡುವೆ ಆ ಒಂದನ್ನು ಗುರುತಿಸಲು ಸಾಧ್ಯವೇ ಇಲ್ಲ. ಅದಕ್ಕೆ ಬಂಡೆಯನ್ನೇ ಜರಡಿ ಮಾಡಿಕೊಂಡರು.

ಕೋಲಾರದ ಬಂಡೆ ಈ ಕೆಲಸಕ್ಕೆ ಬಲು ಒಳ್ಳೆಯದು. ಹಾರ್ನ್‌ಬ್ಲೆಂಡ್ ಶಿಸ್ಟ್ ಅನ್ನುವ ಕಪ್ಪು ಶಿಲೆ, ಅಷ್ಟೇ ಗಾತ್ರದ ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಮಾಮೂಲಿ ಗ್ರಾನೈಟಿಗಿಂತಲೂ ಭಾರ. ಚಾಂಪಿಯನ್ ರೀಫ್ ಗಣಿಯಲ್ಲಿ ಪ್ರಯೋಗ ನಡೆದ ಜಾಗ ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ. ಲೆಕ್ಕ ಹಾಕಿದರೆ 7 ಕಿಲೋಮೀಟರ್ ನೀರಿನಡಿ ಕೂತ ಹಾಗಾಯಿತು. ಮೇಲಿನಿಂದ ಹೊರಟ ಮ್ಯುಯಾನ್‌ಗಳಲ್ಲಿ ಅಲ್ಲಿಗೆ ತಲುಪುವುದು ಕೋಟಿಗಳಲ್ಲಿ ಎಲ್ಲೋ ಒಂದು.

ನನಗೆ ಇದರಲ್ಲಿ ತುಂಬ ಇಷ್ಟವಾದ ಸಂಗತಿ 1965ಕ್ಕಿಂತ ಹಿಂದಿನದು. 60ರ ದಶಕದ ಮೊದಲಲ್ಲಿ ಬೇರೆ ಬೇರೆ ಆಳದಲ್ಲಿ ಮ್ಯುಯಾನ್ ಎಣಿಸುತ್ತಾ ಹೋದರು. ಎಲ್ಲಕ್ಕಿಂತ ಆಳದ ಜಾಗದಲ್ಲಿ ಎರಡು ತಿಂಗಳು ಕಾದರೂ ಯಂತ್ರಕ್ಕೆ ಒಂದೂ ಸಿಗಲಿಲ್ಲ. ಏನೂ ಸಿಗಲಿಲ್ಲ ಅಂದರೆ ಪ್ರಯೋಗ ಫೇಲ್ ಅಂತ ನಮ್ಮ ಹುಡುಗರು ರೆಕಾರ್ಡ್ ಬುಕ್ಕಿನಲ್ಲಿ ಬರೆಯುತ್ತಾರೆ, ಅಲ್ವಾ? ಇಲ್ಲಿ ಆ ಸೊನ್ನೆಯೇ ಒಳ್ಳೆಯ ಫಲಿತಾಂಶ. ಇಷ್ಟು ಸದ್ದಿಲ್ಲದ ಜಾಗ ಇದೆ ಅಂದಮೇಲೆ ಇಲ್ಲಿ ನ್ಯೂಟ್ರಿನೋಗೆ ಕಾಯಬಹುದು ಅನ್ನುವ ಧೈರ್ಯ ಬಂದದ್ದು ಅದರಿಂದಲೇ.

ಯಂತ್ರವನ್ನು ಜೋಡಿಸಿದ ರೀತಿಯೂ ಜಾಣತನದ್ದು. ಬೆಳಕು ಚಿಮ್ಮಿಸುವ ಪ್ಲಾಸ್ಟಿಕ್ ಹಲಗೆಗಳನ್ನು ಎದುರುಬದುರು ಎರಡು ಗೋಡೆಗಳಂತೆ ನಿಲ್ಲಿಸಿದರು. ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಈ ಕೊಳವೆಗಳಲ್ಲಿ ಪಳಗಿದವರು ಡರ್ಹಾಮ್‌ನವರು. ಕಣ ಹಾದಾಗ ಅದರ ದಾರಿಯಲ್ಲಿದ್ದ ಕೊಳವೆಗಳು ಮಿನುಗುತ್ತವೆ, ಅದರ ಫೋಟೋ ತೆಗೆಯುವುದು. ಗೋಡೆಯನ್ನು ನಿಲ್ಲಿಸಿದ್ದು ಅಡ್ಡಡ್ಡ ಬರುವ ಕಣಗಳಿಗಾಗಿ. ನೇರ ಮೇಲಿನಿಂದ ಬಂದದ್ದು ಮಾಮೂಲಿ ಮ್ಯುಯಾನ್ ಇರಬಹುದು. ಅಡ್ಡ ಬಂದದ್ದು ಎಷ್ಟೋ ಕಿಲೋಮೀಟರ್ ಬಂಡೆ ದಾಟಿ ಬರಬೇಕು, ಅದು ಮ್ಯುಯಾನಿನ ಕೈಲಾಗದ ಕೆಲಸ. ಅಂದರೆ ಹತ್ತಿರದ ಬಂಡೆಯಲ್ಲೇ ನ್ಯೂಟ್ರಿನೋ ಬಡಿದು ಹುಟ್ಟಿದ್ದು ಅಂತಾಯಿತು.

ಆಮೇಲೆ 80ರ ದಶಕದಲ್ಲಿ ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಅಂತ ನೋಡಲು ಅಲ್ಲೇ 140 ಟನ್ ತೂಕದ ಕಬ್ಬಿಣದ ಯಂತ್ರ ಕಟ್ಟಿದರು. ಕೆಲವು ಗುರುತುಗಳು ಸಿಕ್ಕವು ಅಂದರು. ಇದನ್ನೇ ಹುಡುಕಲು ಜಪಾನ್, ಅಮೆರಿಕದಲ್ಲಿ ಕಟ್ಟಿದ್ದ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅದು ಕಾಣಲಿಲ್ಲ, ಮಾತು ಅಲ್ಲಿಗೆ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ.

ಈ ವಾಟ್ಸಾಪ್ ಕಥೆಗಳ ಮೇಲೆ ನನಗೊಂದು ತಕರಾರಿದೆ. ವಿಜ್ಞಾನಿಗಳು ಇಳಿದ ಆ ಗುಂಡಿಯನ್ನು ಯಾರು ತೋಡಿದರು, ಹೇಗೆ ತೋಡಿದರು ಅನ್ನುವುದು ಅವುಗಳಲ್ಲಿ ಬರುವುದೇ ಇಲ್ಲ. ಮಗಳ ಚಾರ್ಟಿನಲ್ಲಿ ಅದಕ್ಕೂ ಜಾಗ ಇರಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು. ಬೆಂಗಳೂರಿಗಿಂತ ಮೊದಲೇ ಅಲ್ಲಿಗೆ ಬಂತು. ಗಣಿ 3 ಕಿಲೋಮೀಟರ್ ದಾಟಿ ಇಳಿಯಲು ಕೇಜ್ (ಗಣಿಯ ಲಿಫ್ಟು), ಪಂಪು, ಗಾಳಿಯ ಫ್ಯಾನು ಎಲ್ಲಕ್ಕೂ ಅದೇ ಆಸರೆ. ಆಳದಲ್ಲಿ ಬಂಡೆಯ ಒತ್ತಡ ತಡೆಯಲಾರದೆ ಗೋಡೆಯೇ ಸಿಡಿಯುವ ರಾಕ್ ಬರ್ಸ್ಟ್‌ಗಳು ಜನರನ್ನು ಕೊಂದವು. ಬಂಡೆಯ ವರ್ತನೆ ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಶುರುವಾದದ್ದು ಕೆಜಿಎಫ್‌ನಲ್ಲೇ.

ದೇಹದ ಕಥೆ ಇನ್ನೊಂದು. ಇಲ್ಲಿ ಚಿನ್ನ ಇರುವುದು ಬಿಳಿಗಲ್ಲಿನಲ್ಲಿ, ಅಂದರೆ ಸಿಲಿಕಾದಲ್ಲಿ. ಅದನ್ನು ಕೊರೆದಾಗ ಏಳುವ ನುಣ್ಣನೆ ಧೂಳು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ, ಸುತ್ತ ಗಾಯದ ಕಲೆಯಂಥ ಗಂಟು ಬೆಳೆಯುತ್ತದೆ. ಅದೇ ಸಿಲಿಕೋಸಿಸ್. ಅದು ಬಂದವರಿಗೆ ಟಿಬಿ ಸುಲಭವಾಗಿ ಅಂಟುತ್ತದೆ. ಸಿಲಿಕೋಸಿಸ್ ಪೂರ್ತಿ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು ಕೋಲಾರದ ಗಣಿಯಿಂದ, 1947ರಲ್ಲಿ, ಅಂತ ಎಂಬಿಬಿಎಸ್ ಪಠ್ಯದಲ್ಲೇ ಇದೆ. ಕೊರೆಯುವಾಗ ನೀರು ಹಾಯಿಸುವುದು ಇದಕ್ಕೆ ಮುಖ್ಯ ತಡೆ.

ಜೊತೆಗೆ ಸೆಕೆ. ತೀರಾ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಗಾಳಿ ತೇವವಾಗಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರನ್ನು ಬಿಸಿ ಕೋಣೆಯಲ್ಲಿ ದಿನಾ ಮೆಟ್ಟಿಲು ಹತ್ತಿಳಿಸಿ ಒಗ್ಗಿಸುತ್ತಿದ್ದರು. ವಾರ ಹತ್ತು ದಿನದಲ್ಲಿ ರಕ್ತದ ದ್ರವ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಇಳಿಯುತ್ತದೆ. ಇವತ್ತು ಬೇಸಿಗೆಯ ಓಟಕ್ಕೆ ತಯಾರಾಗುವ ಕ್ರೀಡಾಪಟುಗಳು, ಸೈನಿಕರು ಮಾಡುವುದೂ ಇದನ್ನೇ. ಏಪ್ರಿಲ್‌ನಲ್ಲಿ ಅಂತರಗಂಗೆ ಬೆಟ್ಟಕ್ಕೆ ಓಡಬೇಕು ಅನ್ನುವವರು ಮೊದಲ ದಿನವೇ ಜೋರು ತೋರಿಸದೆ ಹತ್ತು ದಿನ ನಿಧಾನ ಏರಿಸಿಕೊಂಡು ಹೋದರೆ ವಾಸಿ. ಎದೆನೋವು, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಹೊರಡಿ.

ಪ್ರದರ್ಶನಕ್ಕೆ ಬರೀ ಚಾರ್ಟು ಸಾಲದು, ಏನಾದರೂ ಕಾಣಬೇಕು. ಕ್ಲೌಡ್ ಚೇಂಬರ್ ಮಾಡಿಸಿ, ಅಂದರೆ ಕಣ ಹಾದ ದಾರಿ ಮಂಜಿನ ಗೆರೆಯಾಗಿ ಕಾಣುವ ಡಬ್ಬಿ. ಮುಚ್ಚಳವಿರುವ ಪಾರದರ್ಶಕ ಡಬ್ಬಿ ತಗೊಳ್ಳಿ. ಒಳಗೆ ಮೇಲ್ಭಾಗಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಫೆಲ್ಟ್ ಬಟ್ಟೆ ಅಂಟಿಸಿ. ತಳಕ್ಕೆ ಕಪ್ಪು ಬಣ್ಣದ ಲೋಹದ ತಟ್ಟೆ, ಅದರ ಕೆಳಗೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್). ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಬಿಳಿ ಗೆರೆಗಳು ಮೂಡಿ ಮಾಯವಾಗುತ್ತವೆ. ಉದ್ದ, ನೇರ, ತೆಳು ಗೆರೆಗಳಲ್ಲಿ ಹೆಚ್ಚಿನವು ಮ್ಯುಯಾನ್. ಗಿಡ್ಡ, ದಪ್ಪ ಗೆರೆ ಗಾಳಿಯಲ್ಲಿರುವ ರೇಡಾನ್ ಅನ್ನುವ ವಿಕಿರಣಶೀಲ ಅನಿಲದಿಂದ ಬಂದ ಆಲ್ಫಾ ಕಣ. 'ನ್ಯೂಟ್ರಿನೋ ನೋಡಿ' ಅಂತ ಬೋರ್ಡ್ ಹಾಕಬೇಡಿ, ಅದು ಇದರಲ್ಲಿ ಕಾಣುವುದಿಲ್ಲ. ತೀರ್ಪುಗಾರರು ಕೇಳಿದರೆ, ಕೆಜಿಎಫ್‌ನವರು ಬೇಡ ಅಂತ ತಪ್ಪಿಸಿಕೊಂಡು ಕೆಳಗಿಳಿದದ್ದು ಇದೇ ಕಣಗಳಿಂದ ಅಂತ ಹೇಳಲಿ.

ಡ್ರೈ ಐಸ್ ಮೈನಸ್ 78 ಡಿಗ್ರಿ ಇರುತ್ತದೆ, ಬರಿಗೈಯಲ್ಲಿ ಮುಟ್ಟಿಸಬೇಡಿ, ಕಿಟಕಿ ತೆರೆದಿರಲಿ. ಆಲ್ಕೋಹಾಲ್ ಹತ್ತಿರ ಬೆಂಕಿ ಬೇಡ. ಡ್ರೈ ಐಸ್ ಹಿಂದಿನ ದಿನವೇ ತಂದಿಟ್ಟರೆ ಬೆಳಗ್ಗೆ ಹೊತ್ತಿಗೆ ಅರ್ಧ ಆವಿಯಾಗಿರುತ್ತದೆ. ಅವತ್ತೇ ಬೆಳಗ್ಗೆ ಬೆಂಗಳೂರಿನಿಂದ ಬರುವವರ ಕೈಲಿ ಥರ್ಮಾಕೋಲ್ ಡಬ್ಬಿಯಲ್ಲಿ ತರಿಸಿಕೊಳ್ಳಿ, ಮುಚ್ಚಳ ಬಿಗಿಯಾಗಿ ಹಾಕಬೇಡಿ ಅಂತ ಹೇಳಿ.