ವರದಿ ಬರೆದರೂ ಮುಗಿಯದ ಕೇಸು

ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ) ಪದವೀಧರೆ, ವಯಸ್ಸು 30ರ ಆಸುಪಾಸು, ಗುತ್ತಿಗೆ ನೌಕರಿ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಮೂರು ತಿಂಗಳಿಂದ ನಿದ್ದೆಯಿಲ್ಲ, ಮಗಳನ್ನು ಪಕ್ಕದ ಮನೆಗೂ ಕಳಿಸಲು ಭಯ. "ನಾನು ಈ ಕೆಲಸಕ್ಕ ಲಾಯಕ್ ಇಲ್ರೀ" ಎನ್ನುತ್ತ ನಮ್ಮ ಬಳಿ ಆಪ್ತಸಮಾಲೋಚನೆಗೆ ಬಂದರು.

ದಿನಚರಿ ಕೇಳಿದಾಗ ಗಂಟು ಸಿಕ್ಕಿತು. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹಗಲೆಲ್ಲ ಠಾಣೆ, ಆಸ್ಪತ್ರೆ. ವರದಿ ಬರೆಯುವುದು ರಾತ್ರಿ, ಮಗಳು ಮಲಗಿದ ಮೇಲೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದ ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ ಬರೆದು ನೇರ ಹಾಸಿಗೆಗೆ. ಗೋಪ್ಯತೆಯ ಕಾರಣ ಗಂಡನಿಗೂ ಹೇಳುವಂತಿಲ್ಲ. ಕಚೇರಿಯ ಸಭೆಯಲ್ಲಿ ಬಾಕಿ ಕೇಸುಗಳ ಲೆಕ್ಕ ಮಾತ್ರ.

ಬರೀ ದಣಿವಾಗಿದ್ದರೆ ರಜೆಯಲ್ಲಿ ಒಂದಿಷ್ಟಾದರೂ ಇಳಿಯುತ್ತಿತ್ತು. ನಾಲ್ಕು ದಿನ ರಜೆ ಹಾಕಿದರೂ ಆ ಮಗುವಿನ ಮಾತು ಕಿವಿಯಿಂದ ಹೋಗಿರಲಿಲ್ಲ. ಪರೋಕ್ಷ ಆಘಾತದ, ಅಂದರೆ ಬೇರೆಯವರ ನೋವು ಕೇಳಿ ಕೇಳಿ ಮನಸ್ಸಿಗೆ ಆಗುವ ಪೆಟ್ಟಿನ ಲಕ್ಷಣವಿದು, ಅಸಾಮರ್ಥ್ಯವಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆವು, ಇಲ್ಲ ಎಂದರು.

ಮೊದಲ ಸಲಹೆ ವರದಿಯದ್ದು: ಕಚೇರಿಯಲ್ಲೇ ಮುಗಿಸಿ, ಮನೆಗೆ ಒಯ್ಯಬೇಡಿ. ಮಗುವಿನ ಮಾತು ಹೇಳಿಕೆಯ ಪುಟದಲ್ಲಿ ಒಮ್ಮೆ ಮಾತ್ರ ಇರಲಿ, ಉಳಿದ ಕಡೆ "ಹೇಳಿಕೆ ನೋಡಿ" ಎಂದರೆ ಸಾಕು. ಅವರು ಒಂದೇ ವಾಕ್ಯವನ್ನು ಮೂರು ನಮೂನೆಗಳಲ್ಲಿ ಬರೆಯುತ್ತಿದ್ದರು.

ಎರಡನೆಯದು ಕೆಲಸದ ರಾತ್ರಿ ಕರೆಗಳದ್ದು: ಮೂವರು ಸಿಬ್ಬಂದಿಗೆ ವಾರಕ್ಕೊಬ್ಬರಂತೆ ಪಾಳಿ, ರಾತ್ರಿ ಹೋಗಿ ಬಂದ ಮರುದಿನ ಅರ್ಧ ದಿನ ಬಿಡುವು ಕೇಳಿ. ಬಾಯಿಮಾತಲ್ಲಿ ಕೇಳಿದರೆ "ಎಲ್ಲಾರೂ ಮಾಡ್ತಾರಲ್ಲ" ಎಂಬ ಉತ್ತರ ಬರುತ್ತದೆ. ಹಾಗಾಗಿ ನಾಲ್ಕು ವಾರದ ಕರೆಗಳ ದಿನಾಂಕ, ಸಮಯ ಪಟ್ಟಿಮಾಡಿ ಅರ್ಜಿಗೆ ಲಗತ್ತಿಸಲು ಹೇಳಿದೆವು. ಹದಿನೈದು ದಿನಕ್ಕೊಮ್ಮೆ ಮೇಲ್ವಿಚಾರಕರ ಜೊತೆ 45 ನಿಮಿಷ, ಬಾಕಿ ಲೆಕ್ಕ ಬಿಟ್ಟು ಮಾತು. ಇದನ್ನೂ ಅರ್ಜಿಯಲ್ಲಿ ಸೇರಿಸಿದರು. ಇಲ್ಲಿ ಸಂಸ್ಥೆಗಳು ಎಡವುವುದುಂಟು: ಎಲ್ಲರನ್ನೂ ಸುತ್ತ ಕೂರಿಸಿ ಘಟನೆಯನ್ನು ಇಂಚಿಂಚಾಗಿ ಹೇಳಿಸಿದರೆ ಕೇಳಿದವರ ನಿದ್ದೆಯೂ ಹೋಗುತ್ತದೆ. ಆ ಕೇಸಿನಿಂದ ತನ್ನ ಮನಸ್ಸಿಗೆ ಏನಾಯಿತು ಎಂದಷ್ಟೇ ಹೇಳಬೇಕು.

ಮನೆಯಲ್ಲಿ "ಇವತ್ತಿನ ಕೇಸು ಭಾರ ಇತ್ತು, ಅರ್ಧ ತಾಸು ಸುಮ್ಮನೆ ಕೂರ್ತೀನಿ" ಎಂದರೆ ಯಾರ ಗುರುತೂ ಬಯಲಾಗದು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆವು, ಆದರೆ ಕೊನೆಗೆ. ಪ್ರಾಣಾಯಾಮದಿಂದ ರಾತ್ರಿ ಎರಡರ ಫೋನು ನಿಲ್ಲುವುದಿಲ್ಲ.

ಆರನೇ ವಾರಕ್ಕೆ ಪಾಳಿ ಜಾರಿಯಾಗಿತ್ತು, ನಿದ್ದೆ ಐದು ತಾಸಿಗೆ ಬಂದಿತ್ತು. ಅರ್ಧ ದಿನದ ಬಿಡುವು ಮಾತ್ರ ಗುತ್ತಿಗೆಯವರಿಗಿಲ್ಲ ಎಂದು ತಿರಸ್ಕೃತವಾಯಿತು. ಎರಡನೇ ಅರ್ಜಿಯ ಕರಡು ಸಿದ್ಧವಿದೆ. ಮಗುವಿನ ಮಾತು ಮತ್ತೆ ಕಾಡಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲು, ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆಮಾಡಲು ತಿಳಿಸಿದ್ದೇವೆ.