ವಾಷಿಂಗ್ಟನ್ ಬ್ರಿಟಿಷ್ ಸೈನ್ಯದ ಕರ್ನಲ್ ಆಗಿದ್ದರೇ?

ಪ್ರಶ್ನೆ: ಬ್ರಿಟಿಷರನ್ನು ಸೋಲಿಸಿದ ಜಾರ್ಜ್ ವಾಷಿಂಗ್ಟನ್ ಅದಕ್ಕೂ ಮೊದಲು ಬ್ರಿಟಿಷ್ ಸೈನ್ಯದಲ್ಲಿಯೇ ಕರ್ನಲ್ ಆಗಿದ್ದರೆಂದು ಓದಿದೆ. ಇದು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅವರು ಕರ್ನಲ್ ಆಗಿದ್ದುದು ನಿಜ. ಆದರೆ ಅವರು ಮುನ್ನಡೆಸಿದ್ದು ವರ್ಜೀನಿಯಾ ವಸಾಹತು ತಾನೇ ಕಟ್ಟಿಕೊಂಡಿದ್ದ ವರ್ಜೀನಿಯಾ ರೆಜಿಮೆಂಟನ್ನೇ ಹೊರತು ಇಂಗ್ಲೆಂಡಿನ ದೊರೆಯ ಖಾಯಂ ಸೈನ್ಯದ ದಳವನ್ನಲ್ಲ. 1772ರಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್ ಬಿಡಿಸಿದ ಭಾವಚಿತ್ರದಲ್ಲಿ ಅವರು ತೊಟ್ಟಿರುವ ನೀಲಿ ಅಂಗಿ ಈ ರೆಜಿಮೆಂಟಿನದೇ.

ಓಹಾಯೊ ಕಣಿವೆಗಾಗಿ ಫ್ರೆಂಚರೊಡನೆ ಜಗಳ ಹತ್ತಿದ 1754ರಲ್ಲಿ ಅವರು ಲೆಫ್ಟಿನೆಂಟ್ ಕರ್ನಲ್ ಆಗಿದ್ದರು; ಮೇ ತಿಂಗಳ ಕೊನೆಯಲ್ಲಿ ಮೇಲಧಿಕಾರಿ ಜೋಶುವಾ ಫ್ರೈ ತೀರಿಕೊಂಡದ್ದರಿಂದ ಇಡೀ ರೆಜಿಮೆಂಟಿನ ಹೊಣೆ 22 ವರ್ಷದ ಈ ಯುವಕನ ಹೆಗಲಿಗೆ ಬಿದ್ದಿತು. ಜುಲೈ 3ರಂದು ಫೋರ್ಟ್ ನೆಸೆಸಿಟಿಯಲ್ಲಿ ಸೋತು ಶರಣಾದಾಗ, ಫ್ರೆಂಚ್ ಬಾರದ ಅವರು ಸಹಿ ಹಾಕಿದ ಒಪ್ಪಂದಪತ್ರದಲ್ಲಿ, ಮೇ 28ರ ಕಾಳಗದಲ್ಲಿ ಸತ್ತ ಫ್ರೆಂಚ್ ಅಧಿಕಾರಿ ಜ್ಯುಮೋನ್ವಿಲ್‌ನನ್ನು ಕೊಲೆ ಮಾಡಲಾಯಿತೆಂಬ ಮಾತು ಸೇರಿಹೋಗಿತ್ತು. ಆ ವರ್ಷವೇ ಅವರು ಹುದ್ದೆ ಬಿಟ್ಟರು. ಮರುವರ್ಷ ಜುಲೈ 9ರಂದು ಮೊನೊಂಗಹೀಲಾ ನದಿಯ ಬಳಿ ಬ್ರಿಟಿಷ್ ಜನರಲ್ ಬ್ರ್ಯಾಡಕ್‌ನ ಸೈನ್ಯ ನುಚ್ಚುನೂರಾದಾಗ, ಸಂಬಳವಿಲ್ಲದ ಸಹಾಯಕರಾಗಿದ್ದ ವಾಷಿಂಗ್ಟನ್, ತಾವೇರಿದ್ದ ಎರಡು ಕುದುರೆಗಳು ಗುಂಡಿಗೆ ಬಲಿಯಾದರೂ ಧೈರ್ಯಗೆಡಲಿಲ್ಲ. ಆಗಸ್ಟ್‌ನಲ್ಲಿ ವರ್ಜೀನಿಯಾ ಅವರನ್ನು ಮತ್ತೆ ಕರ್ನಲ್ ಆಗಿ ಕರೆಯಿತು.

ನನ್ನ ದೃಷ್ಟಿಯಲ್ಲಿ ಅವರನ್ನು ಸೇನಾನಿಯಾಗಿ ರೂಪಿಸಿದ್ದು ಯಾವ ಕದನವೂ ಅಲ್ಲ, ಮುಂದಿನ ಮೂರು ವರ್ಷಗಳ ದುಡಿಮೆ. ವಿಂಚೆಸ್ಟರಿನಲ್ಲಿ ನೆಲೆನಿಂತು, ನೂರಾರು ಮೈಲಿಯ ಗಡಿಯನ್ನು ಕೆಲವೇ ನೂರು ಸೈನಿಕರಿಂದ ಕಾಯುತ್ತ, ಬಟ್ಟೆಗೂ ಸಂಬಳಕ್ಕೂ ಗವರ್ನರ್ ಡಿನ್‌ವಿಡ್ಡಿಗೆ ಪತ್ರದ ಮೇಲೆ ಪತ್ರ ಬರೆಯುತ್ತ ಅವರು ಕಾಲ ಕಳೆದರು. ಸೈನಿಕರು ಓಡಿಹೋಗುವುದನ್ನು ತಡೆಯಲು 1757ರಲ್ಲಿ ಇಬ್ಬರನ್ನು ಗಲ್ಲಿಗೇರಿಸಿದರು. ಈ ಕಠೋರತೆಯನ್ನು ಮುಚ್ಚಿಟ್ಟು ಅವರ ಚರಿತ್ರೆಯನ್ನು ಹೇಳಬಾರದು.

ದೊರೆಯ ಸನ್ನದು, ಅಂದರೆ ದೊರೆಯ ಹೆಸರಿನಲ್ಲಿ ಸೇನಾಧಿಕಾರಿಯಾಗಿ ನೇಮಿಸುವ ಪತ್ರ, ಇಲ್ಲದ ಕೊರತೆ ಅವರನ್ನು ಹೆಜ್ಜೆಹೆಜ್ಜೆಗೂ ಕಾಡಿತು. ಮೇರಿಲ್ಯಾಂಡಿನ ಡ್ಯಾಗ್ವರ್ದಿ ಎಂಬ ಕ್ಯಾಪ್ಟನ್, ತನಗೆ ಹಿಂದೆ ಅಂಥ ಸನ್ನದು ದೊರೆತಿತ್ತೆಂಬ ಬಲದಿಂದ, ಕರ್ನಲ್ ಆಗಿದ್ದ ಇವರ ಆಜ್ಞೆಯನ್ನು ಒಪ್ಪಲಿಲ್ಲ. ವಾಷಿಂಗ್ಟನ್ 1756ರ ಚಳಿಗಾಲದಲ್ಲಿ ಬಾಸ್ಟನ್ನಿನವರೆಗೂ ಕುದುರೆಯ ಮೇಲೆ ಹೋಗಿ ಆಗ ಅಮೆರಿಕದ ಬ್ರಿಟಿಷ್ ಪಡೆಗಳ ಮುಖ್ಯಸ್ಥರೂ ಆಗಿದ್ದ ಮ್ಯಾಸಚೂಸೆಟ್ಸ್ ಗವರ್ನರ್ ಶರ್ಲಿಯವರಲ್ಲಿ ದೂರಿತ್ತರು. ಡ್ಯಾಗ್ವರ್ದಿಗಿಂತ ಇವರೇ ಮೇಲೆಂಬ ತೀರ್ಪು ಸಿಕ್ಕಿತು, ಸನ್ನದು ಸಿಗಲಿಲ್ಲ. ತಮ್ಮ ರೆಜಿಮೆಂಟನ್ನು ಖಾಯಂ ಸೈನ್ಯಕ್ಕೆ ಸೇರಿಸಿಕೊಳ್ಳಬೇಕೆಂದು 1757ರಲ್ಲಿ ಆಗಿನ ಬ್ರಿಟಿಷ್ ಪಡೆಗಳ ಮುಖ್ಯಸ್ಥ ಲಾರ್ಡ್ ಲೌಡನ್‌ಗೆ ಮಾಡಿದ ಮನವಿಯೂ ವ್ಯರ್ಥವಾಯಿತು. 1758ರ ನವೆಂಬರ್ 25ರಂದು ಜನರಲ್ ಫೋರ್ಬ್ಸ್‌ನ ಸೈನ್ಯದೊಡನೆ, ಫ್ರೆಂಚರು ಸುಟ್ಟು ತೊರೆದಿದ್ದ, ಓಹಾಯೊ ಕಣಿವೆಯ ಡ್ಯುಕೇನ್ ಕೋಟೆಯನ್ನು ಸೇರಿದ ಮೇಲೆ, ಆ ವರ್ಷದ ಕೊನೆಗೆ ಅವರು ರಾಜೀನಾಮೆ ನೀಡಿದರು.